ಪ್ರಶ್ನೋತ್ತರ: ಸಿಂಪೈ ಮ್ಯಾಚ್ ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್. ಏನು ಮಾಡಲಿ?

ಪ್ರಶ್ನೆ: ನಮಸ್ತೆ ಸರ್. ಸರ್ಕ್ಯೂಟ್ ಸಮೀಕರಣಗಳನ್ನು ಸರಳ ಮಾಡುವ ಒಂದು ಚಿಕ್ಕ ಟೂಲ್ ಅನ್ನು ಸಿಂಪೈ (ಪೈಥಾನ್‌ನಲ್ಲಿ ಅಕ್ಷರಗಳ ಗಣಿತ ಮಾಡುವ ಲೈಬ್ರರಿ) ಮೇಲೆ ಬರೆದಿದ್ದೇನೆ. ಎಲ್ಲ ನಿಂತಿರುವುದು ಪ್ಯಾಟರ್ನ್ ಮ್ಯಾಚಿಂಗ್ ಮೇಲೆ. ವೈಲ್ಡ್ (ಏನಾದರೂ ತುಂಬಬಹುದಾದ ಖಾಲಿ ಜಾಗ) ಹಾಕಿ ಪ್ಯಾಟರ್ನ್ ಕೊಡುತ್ತೇನೆ, ಮ್ಯಾಚ್ ಫಂಕ್ಷನ್ ಕೊಟ್ಟ ಡಿಕ್ಷನರಿಯನ್ನು (ಯಾವ ವೈಲ್ಡ್‌ಗೆ ಏನು ಸಿಕ್ಕಿತು ಅನ್ನುವ ಪಟ್ಟಿ) ಟೆಸ್ಟ್‌ನಲ್ಲಿ ಬರೆದಿಟ್ಟ ಉತ್ತರದ ಜೊತೆ ಹೋಲಿಸುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಪಾಸ್. ಸರ್ವರ್‌ನಲ್ಲಿ ಒಮ್ಮೊಮ್ಮೆ ಫೇಲ್, ಮತ್ತೆ ಓಡಿಸಿದರೆ ಪಾಸ್. ಟೀಮ್‌ನಲ್ಲಿ "ಸುಮ್ನೆ ಇನ್ನೊಂದು ಸಲ ಓಡಿಸಿ" ಅಂತಾರೆ. ಹಾಗೆ ಬಿಡಬಹುದಾ?

ಉತ್ತರ: ಬಿಡಬೇಡಿ ಮೇಡಂ. ಹೀಗೆ ಬಂದು ಹೋಗುವ ಫೇಲ್ ಹಿಂದೆ ಏನೋ ಒಂದು ಕಾರಣ ಇದ್ದೇ ಇರುತ್ತದೆ.

ಮೊದಲು ಪೈಥಾನ್ ಕಡೆ ನೋಡಿ. 3.3 ಆವೃತ್ತಿಯಿಂದ ಸ್ಟ್ರಿಂಗ್‌ಗಳ (ಅಕ್ಷರಸಾಲುಗಳ) ಹ್ಯಾಶ್, ಅಂದರೆ ಪೈಥಾನ್ ಒಳಗೆ ಲೆಕ್ಕ ಹಾಕುವ ಗುರುತಿನ ಸಂಖ್ಯೆ, ಪ್ರತಿ ಸಲ ಪ್ರೋಗ್ರಾಂ ಶುರುವಾದಾಗ ಬದಲಾಗುತ್ತದೆ. ಹಾಗಾಗಿ ಒಂದು ಸೆಟ್‌ನಲ್ಲಿರುವ (ನಿಗದಿತ ಕ್ರಮವಿಲ್ಲದ ಗುಂಪಿನಲ್ಲಿರುವ) ಸಿಂಬಲ್‌ಗಳು ಇವತ್ತು ಒಂದು ಕ್ರಮದಲ್ಲಿ ಬಂದರೆ ನಾಳೆ ಬೇರೆ ಕ್ರಮದಲ್ಲಿ ಬರಬಹುದು. ನಿಮ್ಮ ಕೋಡ್ ಎಲ್ಲಾದರೂ ಸೆಟ್ ಮೇಲೆ ಲೂಪ್ ಹಾಕಿದ್ದರೆ, ಯಾವ ಪ್ಯಾಟರ್ನ್ ಮೊದಲು ಹಿಡಿಯುತ್ತದೆ ಅನ್ನುವುದೇ ಬದಲಾಗಬಹುದು. ಸಿಂಪೈನವರ ಟೆಸ್ಟ್ ರನ್ನರ್ ಶುರುವಿನಲ್ಲೇ ಹ್ಯಾಶ್ ಸೀಡ್ (ಆ ಹ್ಯಾಶ್‌ಗಳನ್ನು ನಿರ್ಧರಿಸುವ ಆರಂಭದ ಸಂಖ್ಯೆ) ಎಷ್ಟು ಅಂತ ಪ್ರಿಂಟ್ ಮಾಡುವುದು ಇದಕ್ಕೇ. ನೀವೂ ಸರ್ವರ್ ಲಾಗ್‌ನಲ್ಲಿ ಅದನ್ನು ಬರೆಸಿ. ಫೇಲ್ ಆದ ದಿನದ ಸೀಡ್ ಅನ್ನು ಪೈಥಾನ್‌ಹ್ಯಾಶ್‌ಸೀಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಕೊಟ್ಟು ಓಡಿಸಿದರೆ ಅದೇ ಫೇಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಬರುವ ಸಾಧ್ಯತೆ ಜಾಸ್ತಿ. ಪೈಥಾನ್ ಶುರುವಾಗುವ ಮೊದಲೇ ಅದನ್ನು ಸೆಟ್ ಮಾಡಿರಬೇಕು. ಟೆಸ್ಟ್ ಒಳಗೆ ಬದಲಿಸಿದರೆ ಆ ಓಟಕ್ಕೆ ಏನೂ ಆಗುವುದಿಲ್ಲ.

ಎರಡನೆಯದು, ನಿಮ್ಮ ಟೆಸ್ಟ್ ಕೇಳುತ್ತಿರುವ ಪ್ರಶ್ನೆಯೇ ಸರಿಯಿದೆಯಾ ನೋಡಿ. "ಎಕ್ಸ್ + ವೈ" ಅನ್ನು "ಎ + ಬಿ" ಪ್ಯಾಟರ್ನ್‌ಗೆ ಹೊಂದಿಸಿ ಅಂದುಕೊಳ್ಳಿ. ಎ ಅಂದರೆ ಎಕ್ಸ್, ಬಿ ಅಂದರೆ ವೈ ಆಗಬಹುದು. ತಿರುಗಿಸಿದರೂ ಸರಿ. ಎ ಅಂದರೆ 0, ಬಿ ಅಂದರೆ ಇಡೀ ಎಕ್ಸ್ + ವೈ ಅಂದರೂ ತಪ್ಪಲ್ಲ. ಸಿಂಪೈ ಇವುಗಳಲ್ಲಿ ಸಿಕ್ಕ ಒಂದನ್ನು ಕೊಡುತ್ತದೆ, ಎಲ್ಲ ದಾರಿಯನ್ನೂ ಹುಡುಕುವುದಿಲ್ಲ. ಹುಡುಕುವುದು ಸುಲಭವೂ ಅಲ್ಲ. ಕ್ರಮ, ಗುಂಪು ಎರಡೂ ಬದಲಾಗಬಹುದಾದ ಕಡೆ ಮ್ಯಾಚಿಂಗ್ ಎನ್‌ಪಿ-ಕಂಪ್ಲೀಟ್ (ಎಲ್ಲ ಸಂದರ್ಭಕ್ಕೂ ವೇಗದ ದಾರಿ ಗೊತ್ತಿಲ್ಲದ ಕಷ್ಟದ ಲೆಕ್ಕ) ಅಂತ 1980ರ ದಶಕದಲ್ಲೇ ಸಾಬೀತಾಗಿದೆ. ಇಂಥ ಕಡೆ ಒಂದೇ ಡಿಕ್ಷನರಿಯನ್ನು ಪಟ್ಟು ಹಿಡಿದು ಹೋಲಿಸಿದರೆ, ಲೈಬ್ರರಿ ಒಳಗೆ ಏನೋ ಸಣ್ಣದು ಬದಲಾದಾಗ ಸರಿಯಾದ ಉತ್ತರಕ್ಕೂ ಕೆಂಪು ದೀಪ ಹತ್ತುತ್ತದೆ.

ಪ್ರಶ್ನೆ: ಹಾಗಾದರೆ ಏನನ್ನು ಹೋಲಿಸಲಿ ಸರ್?

ಉತ್ತರ: ಮ್ಯಾಚ್ ತಾನೇ ಕೊಟ್ಟ ಮಾತನ್ನು. ಬಂದ ಡಿಕ್ಷನರಿಯನ್ನು ಎಕ್ಸ್‌ರಿಪ್ಲೇಸ್ (ಒಂದರ ಬದಲು ಇನ್ನೊಂದನ್ನು ಹಾಕುವ ಫಂಕ್ಷನ್) ಮೂಲಕ ಪ್ಯಾಟರ್ನ್‌ಗೆ ವಾಪಸ್ ಹಾಕಿದರೆ ಮೂಲ ಎಕ್ಸ್‌ಪ್ರೆಶನ್ ಬರಬೇಕು. ಸಿಂಪೈ ಡಾಕ್ಯುಮೆಂಟೇಶನ್‌ನಲ್ಲೇ ಈ ಮಾತಿದೆ. ಇದನ್ನು ಒಂದು ಹೆಲ್ಪರ್ ಫಂಕ್ಷನ್ ಮಾಡಿ ಎಲ್ಲ ಟೆಸ್ಟ್‌ನಲ್ಲೂ ಕರೆಯಿರಿ.

ಆದರೆ ಇದೊಂದನ್ನೇ ನಂಬಬೇಡಿ. "2 + 3·ವೈ" ಅನ್ನು "ಎ·ಎಕ್ಸ್ + ಬಿ·ವೈ" ಪ್ಯಾಟರ್ನ್‌ಗೆ ಕೊಡಿ. ಮೂಲದಲ್ಲಿ ಎಕ್ಸ್ ಇಲ್ಲವೇ ಇಲ್ಲ, ಹೊಂದಬಾರದು ಅಂತ ನಿಮ್ಮ ಲೆಕ್ಕ. ಆದರೂ ಹೊಂದುತ್ತದೆ: ಬಿ ಅಂದರೆ 3, ಎ ಅಂದರೆ 2/ಎಕ್ಸ್! ವಾಪಸ್ ಹಾಕಿದರೆ ಎಕ್ಸ್ ಹೊಡೆದುಹೋಗಿ 2 ಉಳಿಯುತ್ತದೆ, ಪರೀಕ್ಷೆಯೂ ಪಾಸ್. ಗಣಿತ ಸರಿ, ನಿಮಗೆ ಬೇಕಾದದ್ದು ಮಾತ್ರ ಇದಲ್ಲ. ವೈಲ್ಡ್ ಮಾಡುವಾಗಲೇ ಎಕ್ಸ್‌ಕ್ಲೂಡ್‌ನಲ್ಲಿ (ವೈಲ್ಡ್ ಒಳಗೆ ಬರಬಾರದವುಗಳ ಪಟ್ಟಿ) ಎಕ್ಸ್ ಮತ್ತು ವೈ ಕೊಟ್ಟರೆ ಮ್ಯಾಚ್ ನನ್ (None, ಅಂದರೆ ಹೊಂದಲಿಲ್ಲ) ಕೊಡುತ್ತದೆ. ಸರ್ಕ್ಯೂಟ್ ಸಮೀಕರಣದಲ್ಲಿ ಗುಣಕದೊಳಗೆ ಚರಾಕ್ಷರ ನುಸುಳಿದರೆ ಮುಂದಿನ ಲೆಕ್ಕವೆಲ್ಲ ಹಾಳು. ಅದಕ್ಕೇ "ಇದು ಹೊಂದಬಾರದು" ಅನ್ನುವ ಟೆಸ್ಟ್‌ಗಳೇ ನನ್ನ ಪ್ರಕಾರ ಹೆಚ್ಚು ಬೆಲೆಯವು. ಜನ ಬರೆಯುವುದು ಮಾತ್ರ "ಇದು ಹೊಂದಬೇಕು" ಅನ್ನುವುದನ್ನೇ. ಪ್ರತಿ ಪ್ಯಾಟರ್ನ್‌ಗೂ ಎರಡೂ ಬಗೆಯವು ಇರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ನಡುವೆ ಒಂದು ಸಂಶಯ. ಪ್ಯಾಟರ್ನ್‌ನಲ್ಲಿ ವೈಲ್ಡ್ ಇಲ್ಲದಿದ್ದಾಗ ನನ್ನ ಟೆಸ್ಟ್ ಫೇಲ್ ಆಗುತ್ತದೆ. ಎರಡೂ ಕಡೆ ಒಂದೇ ಎಕ್ಸ್ ಇದೆ.

ಉತ್ತರ: ನೀವು ಬರೀ "ಅಸರ್ಟ್ ಎಕ್ಸ್.ಮ್ಯಾಚ್(ಎಕ್ಸ್)" (ಇದು ನಿಜ ಇರಬೇಕು ಅನ್ನುವ ಪರೀಕ್ಷೆ) ಅಂತ ಬರೆದಿದ್ದೀರಿ, ಅಲ್ವಾ? ಅಲ್ಲಿ ಮ್ಯಾಚ್ ಆಗಿದೆ. ಹಿಡಿಯಲು ವೈಲ್ಡ್ ಇಲ್ಲದ್ದರಿಂದ ಖಾಲಿ ಡಿಕ್ಷನರಿ ಬಂದಿದೆ, ಪೈಥಾನ್‌ನಲ್ಲಿ ಖಾಲಿ ಡಿಕ್ಷನರಿ ಅಂದರೆ ಫಾಲ್ಸ್. ಟೆಸ್ಟ್‌ನಲ್ಲಿ "ನನ್ ಅಲ್ಲ" ಅಂತ ಸ್ಪಷ್ಟವಾಗಿ ಕೇಳಿ. ಟೂಲ್‌ನ ಕೋಡ್‌ನಲ್ಲೂ "ಇಫ್ ಎಂ" (ಎಂ ಅಂದರೆ ಮ್ಯಾಚ್ ಕೊಟ್ಟದ್ದು) ಅಂತ ಬರೆದ ಜಾಗಗಳನ್ನು ಹುಡುಕಿ ತಿದ್ದಿ. ಅಲ್ಲಿ ಸದ್ದಿಲ್ಲದೆ ತಪ್ಪು ಉತ್ತರ ಹೋಗುತ್ತಿರುತ್ತದೆ.

ಇನ್ನೊಂದು ಇದೇ ಜಾತಿಯದು. ಬರೀ ಎ ಎಂಬ ವೈಲ್ಡ್ ಬೇರೆ, ಎಕ್ಸ್‌ಕ್ಲೂಡ್ ಇರುವ ಎ ಬೇರೆ. ಪ್ರಿಂಟ್ ಮಾಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಸಮ ಅಲ್ಲ. ಪ್ಯಾಟರ್ನ್‌ಗೆ ಬಳಸಿದ ಅದೇ ವೈಲ್ಡ್ ಅನ್ನು ಉತ್ತರದ ಡಿಕ್ಷನರಿಯಲ್ಲೂ ಬಳಸಿ.

ಪ್ರಶ್ನೆ: ಬಗ್ ಸಿಕ್ಕಿ ಸರಿ ಮಾಡಿದ ಮೇಲೆ ಟೆಸ್ಟ್ ಹೇಗೆ ಇಡಬೇಕು ಸರ್? ಗ್ರಾಹಕರು ಕಳಿಸಿದ ಎಕ್ಸ್‌ಪ್ರೆಶನ್ ಅರ್ಧ ಪುಟ ಇದೆ.

ಉತ್ತರ: ಅದನ್ನು ಹಾಗೇ ತುಂಬಬೇಡಿ. ಒಂದೊಂದೇ ಪದ ತೆಗೆಯುತ್ತಾ ಹೋಗಿ, ಬಗ್ ಇನ್ನೂ ಕಾಣುವ ಅತಿ ಚಿಕ್ಕ ರೂಪ ಇಟ್ಟುಕೊಳ್ಳಿ. ಸಿಂಪೈನಲ್ಲಿ ಇಂಥ ಟೆಸ್ಟ್‌ಗೆ ಇಶ್ಯೂ ನಂಬರ್ (ಬಗ್ ದೂರಿನ ಸಂಖ್ಯೆ) ಸೇರಿಸಿ ಹೆಸರಿಡುವ ರೂಢಿ ಇದೆ. ವರ್ಷಗಳಾದ ಮೇಲೆ ಬಂದವರಿಗೂ ಆ ಸಾಲು ಯಾಕಿದೆ ಅಂತ ಹುಡುಕಲು ದಾರಿ ಸಿಗುತ್ತದೆ. ಮುಖ್ಯವಾಗಿ, ತಿದ್ದುವ ಮೊದಲಿನ ಕೋಡ್ ಮೇಲೆ ಟೆಸ್ಟ್ ಓಡಿಸಿ ಅದು ಫೇಲ್ ಆಗುವುದನ್ನು ಕಣ್ಣಾರೆ ನೋಡಿ. ಫೇಲ್ ಆಗದಿದ್ದರೆ ಅದು ಆ ಬಗ್‌ನ ಟೆಸ್ಟ್ ಅಲ್ಲ.

ಟೆಸ್ಟ್ ಒಂಟಿಯಾಗಿ ಪಾಸ್, ಎಲ್ಲದರ ಜೊತೆ ಫೇಲ್ ಅಂತಾದರೆ ಸಿಂಪೈನ ಕ್ಯಾಶ್ (ಹಿಂದಿನ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಜಾಗ) ಮೇಲೆ ಅನುಮಾನ ಪಡಿ. ಸಿಂಪೈ_ಯೂಸ್_ಕ್ಯಾಶ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು "ನೋ" ಮಾಡಿ ಒಮ್ಮೆ ಓಡಿಸಿ. ನಿಧಾನ ಆಗುತ್ತದೆ, ಆದರೆ ತಪ್ಪು ಎಲ್ಲಿದೆ ಅನ್ನುವ ಸುಳಿವು ಸಿಗುತ್ತದೆ.

ಗೊತ್ತಿದ್ದೂ ಸದ್ಯ ಸರಿ ಮಾಡಲಾಗದ ಬಗ್‌ಗೆ ಟೆಸ್ಟ್ ಬರೆದು ಎಕ್ಸ್‌ಫೇಲ್ (ಫೇಲ್ ಆಗುವುದು ಗೊತ್ತಿದೆ ಎಂಬ ಗುರುತು) ಹಾಕಿ, ಕಾಮೆಂಟ್ ಮಾಡಿ ಮುಚ್ಚಿಡಬೇಡಿ. ಪೈಟೆಸ್ಟ್ (ಪೈಥಾನ್ ಟೆಸ್ಟ್‌ಗಳನ್ನು ಓಡಿಸುವ ಟೂಲ್) ಬಳಸುವುದಾದರೆ ಸ್ಟ್ರಿಕ್ಟ್ (ಎಕ್ಸ್‌ಫೇಲ್ ಟೆಸ್ಟ್ ಪಾಸ್ ಆದರೆ ಅದನ್ನೇ ಫೇಲ್ ಅಂತ ತೋರಿಸುವ ಆಯ್ಕೆ) ಆನ್ ಮಾಡಿ. ಇಲ್ಲದಿದ್ದರೆ ಯಾರೋ ಬೇರೆ ಕೆಲಸ ಮಾಡುವಾಗ ಬಗ್ ತಾನಾಗಿ ಸರಿಹೋದರೂ ಟೆಸ್ಟ್ ಹಸಿರಾಗಿಯೇ ಇರುತ್ತದೆ, ಆ ಎಕ್ಸ್‌ಫೇಲ್ ತೆಗೆಯಬೇಕು ಅಂತ ಯಾರಿಗೂ ತಿಳಿಯುವುದಿಲ್ಲ.

ಪ್ರಶ್ನೆ: ಧನ್ಯವಾದ ಸರ್. ಸೀಡ್ ಲಾಗ್ ಮಾಡುವುದು ಇವತ್ತೇ ಹಾಕುತ್ತೇನೆ.

ಉತ್ತರ: ಹಾಕಿ ಮೇಡಂ. ಫೇಲ್ ಆದ ಸೀಡ್ ಸಿಕ್ಕರೆ ಪ್ಯಾಟರ್ನ್ ಜೊತೆ ಇಲ್ಲೇ ಹಾಕಿ, ನೋಡೋಣ.