2^127 − 1 ಅವಿಭಾಜ್ಯ ಅಂತ ಕೈಲೆಕ್ಕದಲ್ಲಿ ಹೇಗೆ ಗೊತ್ತಾಯ್ತು?

ಪ್ರಶ್ನೆ (ಪಿಯುಸಿ ಹುಡುಗ): 39 ಅಂಕಿಗಳ ಈ ಸಂಖ್ಯೆ ಅವಿಭಾಜ್ಯ ಅಂತ ಫ್ರಾನ್ಸಿನ ಲೂಕಾ 1876ರಲ್ಲೇ ತೋರಿಸಿದರಂತೆ. ಕಂಪ್ಯೂಟರ್ ಇಲ್ಲದೆ ಹೇಗೆ ಸಾಧ್ಯ ಸರ್?

ಗಣಿತ ಮೇಷ್ಟ್ರು (ನಿವೃತ್ತ): ಅವರು ಅಪವರ್ತನ ಹುಡುಕುತ್ತಾ ಕೂರಲಿಲ್ಲಪ್ಪ. ಅವರ ಉಪಾಯಕ್ಕೆ ಮುಂದೆ ಅಮೆರಿಕದ ಗಣಿತಜ್ಞ ಲೆಹ್ಮರ್ ಕೊಟ್ಟ ಸರಳ ರೂಪ ಹೀಗಿದೆ: 4ರಿಂದ ಶುರು ಮಾಡು. ವರ್ಗ ಮಾಡಿ 2 ಕಳೆ, ನಿನ್ನ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊ. 125 ಸಲ (ಘಾತ 127ಕ್ಕಿಂತ 2 ಕಡಿಮೆ) ಆದಮೇಲೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಮೊದಲು 31ಕ್ಕೆ (2^5 − 1) ಮೂರು ಸಲ ಮಾಡಿ ನೋಡು. ಕ್ಯಾಲ್ಕುಲೇಟರ್ ಮುಟ್ಟಬೇಡ!

ಹುಡುಗ: 4, 14, 8, 0. ಬಂತು ಸರ್! ಆದರೆ 2047ಕ್ಕೆ (2^11 − 1) ಕೊನೆಗೆ 1736 ಉಳೀತು.

ಮೇಷ್ಟ್ರು: ಸರಿಯಾಗೇ ಇದೆ, 2047 ಅಂದ್ರೆ 23 × 89.

ಇನ್ನೊಬ್ಬರು: 2^67 − 1 ಅವಿಭಾಜ್ಯವಲ್ಲ ಅಂತಲೂ ಲೂಕಾ ಹೇಳಿದ್ದರು, ಅಪವರ್ತನ ಕೊಡದೆಯೇ. ಅದು 193707721 × 761838257287 ಅಂತ ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದ್ದು 1903ರಲ್ಲಿ.