ಕೆಲವೇ ಸಾವಿರ ನಾರ್ಮನ್ನರು ಇಂಗ್ಲೆಂಡನ್ನು ಹಿಡಿದಿಟ್ಟಿದ್ದು ಹೇಗೆ?

ಶಿವಮೊಗ್ಗದ ಮೇಷ್ಟ್ರು:
1066ರಲ್ಲಿ ಹೇಸ್ಟಿಂಗ್ಸ್‌ನಲ್ಲಿ ಇಂಗ್ಲೆಂಡಿನ ರಾಜ ಹೆರಾಲ್ಡ್ ಸತ್ತ, ಫ್ರಾನ್ಸಿನ ಉತ್ತರದ ನಾರ್ಮಂಡಿಯ ಡ್ಯೂಕ್ ವಿಲಿಯಂ ಗೆದ್ದ, ಅಲ್ಲಿಗೆ ಪಾಠ ಮುಗಿಯುತ್ತದೆ. ಒಂದೇ ಯುದ್ಧಕ್ಕೆ ಇಡೀ ದೇಶ ಸುಮ್ನೆ ಕೂತಿತಾ?

ತೀರ್ಥಹಳ್ಳಿಯವ:
ಎಲ್ಲಿ ಕೂತಿತು ಮಾರಾಯ್ರೆ, ದಂಗೆ ಮೇಲೆ ದಂಗೆ. ವಿಲಿಯಂ ಹೋದಲ್ಲೆಲ್ಲ ಕೋಟೆ ಎಬ್ಬಿಸಿದ. ನಮ್ಮ ಕವಲೇದುರ್ಗದಂಥ ಕಲ್ಲುಕೋಟೆ ಅಂದುಕೊಳ್ಳಬೇಡಿ. ಮಣ್ಣು ಗುಡ್ಡೆ ಹಾಕಿ, ಮೇಲೊಂದು ಮರದ ಗೋಪುರ, ಕೆಳಗೆ ಬೇಲಿ ಹಾಕಿದ ಅಂಗಳ, ಸುತ್ತ ಕಂದಕ. ಬೇಗ ಏಳುತ್ತಿತ್ತು, ಒಳಗಿದ್ದ ಸ್ವಲ್ಪ ಸವಾರರೇ ಸುತ್ತಲ ಸೀಮೆಯನ್ನು ಹದ್ದುಬಸ್ತಿನಲ್ಲಿ ಇಡುತ್ತಿದ್ದರು. ಉತ್ತರದ ಯಾರ್ಕ್ ಪಟ್ಟಣ ಒಂದರಲ್ಲೇ ಎರಡು ಕಟ್ಟಿಸಿದ. 1069-70ರ ಚಳಿಗಾಲದಲ್ಲಿ ಉತ್ತರದ ಹಳ್ಳಿ, ದವಸ ಎಲ್ಲ ಸುಡಿಸಿದ, ಜನ ಹಸಿವಿನಿಂದ ಸತ್ತರು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ ಸರ್.

ಸಾಗರದವಳು:
ಕೋಟೆಗಿಂತ ಜಮೀನೇ ಜಾಸ್ತಿ ಮುಖ್ಯ ಅನಿಸುತ್ತದೆ ನನಗೆ. ಎದುರು ನಿಂತವರ ಜಮೀನು ಕಿತ್ತು ತನ್ನವರಿಗೆ ಕೊಟ್ಟ, ಅವರು ಬದಲಿಗೆ ಸವಾರರನ್ನು ಒದಗಿಸಬೇಕು. 1086ರ ಡೂಮ್ಸ್‌ಡೇ ಲೆಕ್ಕದಲ್ಲಿ, ಅಂದರೆ ವಿಲಿಯಂ ಮಾಡಿಸಿದ ಜಮೀನು-ಆಸ್ತಿ ಸರ್ವೆಯಲ್ಲಿ, ನೇಗಿಲು, ಗಿರಣಿ, ಕಾಡು ಎಲ್ಲ ಬರೆಸಿದ್ದಾರೆ. ಅಷ್ಟೊತ್ತಿಗೆ ದೊಡ್ಡ ಇಂಗ್ಲಿಷ್ ಜಮೀನ್ದಾರರು ಬೆರಳೆಣಿಕೆಯಷ್ಟು. ಚರ್ಚಿನಲ್ಲೂ ಹಾಗೇ, 1070ರಲ್ಲಿ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಟಿಗಾಂಡ್‌ನನ್ನು ಇಳಿಸಿ ನಾರ್ಮಂಡಿಯಿಂದ ಲ್ಯಾನ್‌ಫ್ರಾಂಕ್‌ನನ್ನು ತಂದರು.

ಶಿವಮೊಗ್ಗದ ಮೇಷ್ಟ್ರು:
ಹಾಗಾದರೆ ಹಳೆಯ ಆಡಳಿತವನ್ನೂ ಕಿತ್ತೊಗೆದರಾ?

ಸಾಗರದವಳು:
ಇಲ್ಲ ಸರ್, ಅದೇ ಅವನ ಜಾಣತನ. ಷೈರ್‌ಗಳು ಅಂದರೆ ಅಲ್ಲಿನ ಜಿಲ್ಲೆಗಳು, ಅವುಗಳ ಕೋರ್ಟು, ಕಂದಾಯ ಎಲ್ಲ ಹಾಗೇ ಉಳಿಸಿಕೊಂಡ. ಷೈರನ್ನು ನೋಡಿಕೊಳ್ಳುವ ರಾಜನ ಅಧಿಕಾರಿಯಾದ ಷೆರಿಫ್‌ನ ಹುದ್ದೆಗೆ ಮಾತ್ರ ಒಬ್ಬೊಬ್ಬರಾಗಿ ತನ್ನವರನ್ನೇ ಕೂರಿಸಿದ.