ಪುಟ್ಟಿಯ ಮೇಲ್‌ನ ಕೊನೇ ಸಾಲು

ಪುಟ್ಟಿ, ಇದನ್ನು ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಮಾತಲ್ಲೇ ಹೇಳುತ್ತೇನೆ, ಪೂರ್ತಿ ಕೇಳು. ಕೆಲಸಕ್ಕೆ ಅಂತ ಬರೆದ ಮೇಲ್ ಗ್ರೂಪ್‌ಗೆ ಹಾಕಿದ್ದೀಯಲ್ಲ, ಅದರ ಕೊನೇ ಸಾಲು ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಅಂತ ಇದೆ. ಮಾವ ಅದು ಸರಿ ಅಂದರು. ‘ಟು’ ಆದಮೇಲೆ ಇಂಗ್ ಬರಬಾರದು ಅಂತ ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಅದಕ್ಕೇ ಹಾಗನ್ನಿಸುತ್ತದೆ. ಆದರೆ ಇಲ್ಲಿ ‘ಟು ಮೀಟಿಂಗ್ ಯು’ ಅಂತಲೇ ಬರೆಯಬೇಕು.

ಯಾಕೆ ಗೊತ್ತಾ? ಇಂಗ್ಲಿಷಿನಲ್ಲಿ ಎರಡು ಥರದ ‘ಟು’ ಇದೆ. ‘ಐ ವಾಂಟ್ ಟು ಗೋ’ ಅನ್ನುವಾಗ ಅದು ಕ್ರಿಯಾಪದದ ಜೊತೆಗಾರ. ‘ಐ ವೆಂಟ್ ಟು ಮೈಸೂರು’ ಅನ್ನುವಾಗ ಅದು ನಮ್ಮ ‘ಗೆ’, ‘ಕ್ಕೆ’ ಇದ್ದ ಹಾಗೆ. ಮೈಸೂರಿಗೆ, ಊರಿಗೆ ಅಂತೀವಲ್ಲ, ಅದೇ. ‘ಲುಕ್ ಫಾರ್ವರ್ಡ್ ಟು’ನಲ್ಲಿ ಇರುವುದು ಈ ಎರಡನೆಯದು. ಈಗ ಕನ್ನಡದಲ್ಲೇ ಯೋಚನೆ ಮಾಡು. ‘ನೋಡು’ ಅನ್ನುವುದಕ್ಕೆ ಸುಮ್ನೆ ‘ಗೆ’ ಅಂಟಿಸಿ ‘ನೋಡುಗೆ’ ಅಂತೀವಾ? ಇಲ್ಲ ಅಲ್ವಾ. ಮೊದಲು ‘ನೋಡುವುದು’ ಮಾಡಿಕೊಂಡು, ಆಮೇಲೆ ‘ನೋಡುವುದಕ್ಕೆ’ ಅಂತೀವಿ. ನಮ್ಮ ‘ವುದು’ ಮಾಡುವ ಕೆಲಸವನ್ನೇ ಅಲ್ಲಿ ಇಂಗ್ ಮಾಡುತ್ತದೆ.

ಅನುಮಾನ ಬಂದರೆ ‘ಟು’ ಮುಂದೆ ಒಂದು ನಾಮಪದ ಇಟ್ಟು ನೋಡು. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸರಿಯಾಗಿ ಕೂರುತ್ತದೆ. ‘ಐ ವಾಂಟ್ ಟು ಯುವರ್ ರಿಪ್ಲೈ’ ಕೂರುವುದೇ ಇಲ್ಲ. ಕೂತ ಕಡೆ ಇಂಗ್ ಹಾಕು. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’, ಅಂದರೆ ರಾತ್ರಿ ಕೆಲಸ ಮಾಡಿ ನನಗೆ ಅಭ್ಯಾಸ ಇದೆ ಅನ್ನುವುದು ಕೂಡ ಹೀಗೇ. ಅಲ್ಲಿ ಮಾತ್ರ ಜೋಪಾನ. ‘ಆಮ್’ ಬಿಟ್ಟು ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಅಂದರೆ, ಮೊದಲು ಮಾಡುತ್ತಿದ್ದೆ, ಈಗ ಇಲ್ಲ ಅಂತ ಆಗುತ್ತದೆ.

ಹಾಗೇ, ಕೆಲಸದ ಮೇಲ್ ಆದ್ದರಿಂದ ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’ ಅಂತ ಬರೆದರೆ ಇನ್ನೂ ಚೆಂದ. ‘ಆಮ್ ಲುಕಿಂಗ್’ ಸ್ವಲ್ಪ ಸಲುಗೆಯ ಮಾತು. ಎರಡನೇ ಪ್ಯಾರಾದಲ್ಲಿ ‘ಕೋಪ್ ಅಪ್ ವಿತ್ ಪ್ರೆಶರ್’ ಅಂತಿದೆ, ಆ ‘ಅಪ್’ ತೆಗೆದುಬಿಡು, ‘ಕೋಪ್ ವಿತ್’ ಸಾಕು. ‘ಕೀಪ್ ಅಪ್ ವಿತ್’ ಕೇಳಿ ಕೇಳಿ ನಮ್ಮಲ್ಲಿ ಜಾಸ್ತಿ ಜನ ಅಲ್ಲೂ ಅದನ್ನು ಸೇರಿಸುತ್ತಾರೆ.

ಪ್ರಾಜೆಕ್ಟ್ ಬಗ್ಗೆ ಬರೆದಿರುವುದನ್ನು ಮಾತ್ರ ಮುಟ್ಟಬೇಡ. ಎಷ್ಟು ಚೆನ್ನಾಗಿ ಬರೆದಿದ್ದೀಯ! ಇವೆರಡು ತಿದ್ದಿ ಇವತ್ತು ಸಂಜೆಯೇ ಕಳಿಸು.